ಎಂಟು ಗಂಟಿನ ದಾರ

೨೨ ಮೇ ೧೯೭೮, ಸೋಮವಾರ

ದವಾಖಾನಿ ಸ್ಟೋರಿನ ಕೀಲಿ ಇವತ್ತೂ ಹಟ ಮಾಡಿತು. ಎಣ್ಣಿ ಬಿಟ್ಟೆ. ಫಿನಾಯಿಲ್ ಡಬ್ಬಿ ಎಣಿಸಿದ್ದಾತು, ಬಕೀಟು ಎಣಿಸಿದ್ದಾತು. ಗದಗಿನ ಬಿಸಿಲು, ತಗಡಿನ ಮಾಡು. ಕೇಳೂದ ಬ್ಯಾಡ.

ಮಧ್ಯಾಹ್ನ ಬೀರವ್ವ ಬಂದಳು, ಮುಂಡರಗಿ ಕಡಿಂದ. ಹನ್ನೊಂದು ವರ್ಷದಿಂದ ನಮ್ಮ ಸ್ಟೋರಿಗೆ ಕಂಬಳಿ ಕೊಡಾಕಿ ಆಕಿನ. ಇಲ್ಲಿಂದ ಶಿರಹಟ್ಟಿ, ಮುಂಡರಗಿ ದವಾಖಾನಿಗಳಿಗೆ ಹೋಗತಾವ. ಆಕಿ ನೂಲತಾಳ. ಮೈದುನರ ನಾಲ್ಕು ಮನಿ ನೇಯತಾವ.

"ರಾಯರ, ಈ ಸಲ ಎಷ್ಟು?"

"ಎಂಬತ್ತು."

"ಬರೇ ಬಾಯಿಲೆ ಬ್ಯಾಡ್ರಿ. ನನಗ ಓದಾಕ ಬರೂದಿಲ್ಲ, ನೆಪ್ಪೂ ಕಡಿಮಿ ಆಗೇತಿ. ಗಂಟು ಹಾಕಿ ಕೊಡ್ರಿ."

ಉಡಿಯಿಂದ ಕರಿ ಉಣ್ಣಿ ದಾರ ತಗದಳು. ಪ್ರತಿ ವರ್ಷದ ರೂಢಿ. ಗಂಟಿಗೆ ಹತ್ತು ಕಂಬಳಿ. ಎಂಟು ಗಂಟು ಹಾಕಿ ಕೊಟ್ಟೆ. ಕಾಗದ, ಬಿಲ್ಲು ಎಲ್ಲಾ ಮಾಲು ಬಂದ ಮ್ಯಾಲೆ. ಹಂಗ ನಡಕೊಂಡು ಬಂದೈತಿ.

"ಓದಾಕ ಬರೂದಿಲ್ಲ" — ಎಷ್ಟು ಸಲೀಸಾಗಿ ಅಂದಳು. ಕುಡಿಯಾಕ ನೀರು ಕೊಡ್ರಿ ಅಂದಂಗ.

೯ ಜೂನ್, ಶುಕ್ರವಾರ

ಮೇಲಿನ ಆಫೀಸಿನಿಂದ ಸರ್ಕ್ಯುಲರ್. ನಾಲ್ಕು ಪುಟ, ಎಲ್ಲಾ ಇಂಗ್ಲಿಷ್. ಅಂಕಿ ಅಷ್ಟ ತಿಳದವು.

ಹೆಡ್‌ಕ್ಲಾರ್ಕ್ ತಿರಕಪ್ಪನವರು ಇದ್ದಾಗ, "ಏನಂತಾರ್ರಿ ಮೇಲಿನವರು?" ಅಂತ ನಗಚಾಟಿಕಿ ಮಾಡಿದಂಗ ಕೇಳಿ ತಿಳಕೋತಿದ್ದೆ. ಅವರು ರಿಟೈರ್ ಆದರು. ಹೊಸ ಸಾಹೇಬರು ವಿರೂಪಾಕ್ಷಪ್ಪನವರು, ಮೈಸೂರು ಕಡೆಯವರು, ಒಳ್ಳೆಯವರು. "ನೋಡಿದಿರಾ ದತ್ತಾತ್ರಿಯವರೇ?" ಅಂದರು. "ನೋಡೇನ್ರಿ" ಅಂದೆ. ಫೈಲಿಗೆ ಹಾಕಿದೆ.

ನಾಲ್ಕನೇ ಇಯತ್ತೆಗೆ ಶಾಲಿ ಬಿಟ್ಟವ ನಾನು. ಕನ್ನಡ ಸ್ವಂತ ಕಲಿತೆ, ಲೆಕ್ಕ ಸ್ವಂತ ಕಲಿತೆ. ತಮ್ಮ ಮಾರ್ತಾಂಡ ಲಕ್ಷ್ಮೇಶ್ವರದಾಗ ಮಾಸ್ತರ. "ನಮ್ಮಣ್ಣ ಇಂಗ್ಲಿಷೂ ತಾನ ಕಲತಾನ" ಅಂತ ಎಲ್ಲರ ಮುಂದ ಹೇಳತಾನ. ಯಾವಾಗೋ ನಾನ ಬಾಯಿ ಬಿಟ್ಟು ಅಂದ ಮಾತು. ಆಮ್ಯಾಲೆ ಹಿಂದ ತಗೊಳ್ಳಾಕ ಆಗಲೇ ಇಲ್ಲ…

೨೪ ಜುಲೈ, ಸೋಮವಾರ

ಲಾರಿ ಬಂತು. ಮಿಲ್ಲಿನ ಬ್ಲಾಂಕೆಟ್, ಐದು ಬೇಲು.

"ಇದೇನ್ರಿ ಸಾಹೇಬ್ರ?"

"ರೇಟ್ ಕಾಂಟ್ರ್ಯಾಕ್ಟ್ ಮಾಲು. ಜೂನ್ ಸರ್ಕ್ಯುಲರ್‌ನಲ್ಲಿ ಇತ್ತಲ್ಲ? ಮೇಲೆಯೇ ಕಂಪನಿ ಜೊತೆ ಮಾತಾಡಿ ವರ್ಷಕ್ಕೆಲ್ಲ ಒಂದೇ ದರ ಕಟ್ಟಿದ್ದಾರೆ. ಇನ್ನು ಟೆಂಡರ್ ಬೇಡ, ಕೊಟೇಶನ್ ಬೇಡ. ಯಾವ ಆಫೀಸಿನವರಾದರೂ ಒಂದು ಆರ್ಡರ್ ಬರೆದು ಕಳಿಸಿದರೆ ಸಾಕು. ಹೊರಗಿನವರ ಹತ್ತಿರ ಕಂಬಳಿ ಕೊಳ್ಳುವ ಹಾಗೇ ಇಲ್ಲ. ನೀವು ಓದಿದ್ದೀರಲ್ಲ?"

"ಹೌದ್ರಿ. ಓದೇನ್ರಿ."

ಒಂದು ಬೇಲು ಬಿಚ್ಚಿ ನೋಡಿದೆ. ಮಾಲು ಕೆಟ್ಟದ್ದು ಅನ್ನಾಕ ಬರೂದಿಲ್ಲ. ಮೆತ್ತಗ ಐತಿ, ಅಂಚು ಕೆಂಪು. ಕೆಟ್ಟದ್ದಾಗಿದ್ರ ಛಲೋ ಇತ್ತು.

ಬೀರವ್ವಗ ಖಬರ ಮುಟ್ಟಿಸಬೇಕು. ನಾಳೆನ.

೧೬ ಆಗಸ್ಟ್, ಬುಧವಾರ

ಮುಟ್ಟಿಸಲಿಲ್ಲ. ಏನಂತ ಹೇಳೂದು? ಯಾಕ ಮೊದಲ ಹೇಳಲಿಲ್ಲ ಅಂದ್ರ?

ಇವತ್ತು ಬಂದುಬಿಟ್ಟಳು. ಬಸ್ಸಿನ ಮ್ಯಾಲೆ ಎಂಬತ್ತು ಕಂಬಳಿ. ಕಂಬಳಿಗೆ ಹಚ್ಚಿದ ಹುಣಸಿಬೀಜದ ಗಂಜಿ ವಾಸನಿ ಆಫೀಸಿನ ಅಂಗಳ ತುಂಬಾ. ಸಾಹೇಬರು ಹೊರಗ ಬಂದರು.

"ಏನಮ್ಮ ಇದು? ಯಾರು ತರೋಕೆ ಹೇಳಿದ್ದು?"

ಬೀರವ್ವ ನನ್ನ ಕಡೆ ನೋಡಿದಳು. ಸಾಹೇಬರೂ ನೋಡಿದರು.

"ನನಗೇನ ಗೊತ್ತಿಲ್ರಿ. ತಾನ ತಂದಾಳ" ಅಂದೆ.

ಅಂದೆ. ನನ್ನ ಬಾಯಿಲೆ. ನನ್ನ ಕಿವಿಲೆ ಕೇಳಿದೆ.

ಆಕಿ ಮುಷ್ಟಿಯಾಗ ದಾರ ಇತ್ತು, ಗಂಟಿನ ತುದಿ ಹೊರಗ ಕಾಣತಿತ್ತು. ಎತ್ತಿ ತೋರಿಸಿದ್ರ ಮುಗೀತಿತ್ತು. ತೋರಿಸಲಿಲ್ಲ. ಸಾಹೇಬರ ಕಡೆ ತಿರುಗಿ ಅಂದಳು, "ಹೌದ್ರಿ ಸಾಹೇಬ್ರ. ಪ್ರತಿ ವರ್ಷ ತರತೀನಿ, ಅದಕ್ಕ ತಂದೆ. ನಂದ ತಪ್ಪು."

ಎದುರಿನ ಟಾಂಗಾ ಹೊಡಿಯೋ ನಿಜಾಮುದ್ದೀನ ತನ್ನ ಕುದರಿ ಲಾಯದಾಗ ಕಂಬಳಿ ಗಂಟು ಇಡಿಸಿಕೊಂಡ. ಬೀರವ್ವ ಬರೀಕೈಲೆ ಬಸ್ ಹತ್ತಿದಳು. ನಾ ಗೇಟಿನ ತನಕಾನೂ ಹೋಗಲಿಲ್ಲ.

೨೩ ಆಗಸ್ಟ್

ಲಾಯ ದಾಟೇ ಆಫೀಸಿಗೆ ಹೋಗಬೇಕು. ನಿಜಾಮುದ್ದೀನ ಹಿಡದ ಬಿಟ್ಟ.

"ರಾಯರ, ಈ ಮಾಲು ಯಾರದ ಅಂತ ಹೇಳ್ರಿ. ಮಳಿ ಹನಿ ಬೀಳಾಕತ್ತೈತಿ. ನುಸಿ ಹಿಡೀತಾವ. ಇಲ್ಲಾ ನನ್ನ ಕುದರಿಗೆ ಹೊದಸತೀನಿ, ಅದಾದರೂ ಸರಕಾರಿ ನೌಕರಿ ಮಾಡಲಿ."

ನಕ್ಕೆ. ನಗಬಾರದಿತ್ತು.

ಮನ್ಯಾಗ ಹೆಂಡತಿ ಜಾನಕಿ: "ಈ ವರ್ಷ ಬೀರವ್ವ ಮನಿಗೆ ಬರಲೇ ಇಲ್ಲಲ್ರಿ? ಜ್ವಾಳದ ಹಿಟ್ಟು ತಗದು ಇಟ್ಟಿದ್ದೆ."

"ಅರ್ಜಂಟ್ ಇತ್ತಂತ."

"ಹನ್ನೊಂದು ವರ್ಷದಾಗ ಇಲ್ಲದ ಅರ್ಜಂಟ?"

ತಾಟು ಬಿಟ್ಟು ಎದ್ದೆ.

೩೧ ಆಗಸ್ಟ್

ಮಾರ್ತಾಂಡಗ ಪತ್ರ ಬರೀಲಿಕ್ಕೆ ಕುಂತೆ. 'ಚಿ. ಮಾರ್ತಾಂಡನಿಗೆ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.' ಮುಂದ ಹೋಗಲಿಲ್ಲ. ಹರದೆ. ಮತ್ತೊಂದು. ಅದೂ ಕ್ಷೇಮದ ತನಕ.

೭ ಸೆಪ್ಟೆಂಬರ್, ಗುರುವಾರ

ಮಾರ್ತಾಂಡ ಚೌತಿಗೆ ಬಂದಾನ. ಸರ್ಕ್ಯುಲರ್ ಚೀಲದಾಗ ಇಟಗೊಂಡು ತಂದಿದ್ದೆ. ಕಡಬು ಉಂಡ ಮ್ಯಾಲೆ ಅವನ ಮುಂದ ಇಟ್ಟೆ.

"ನಾ ತಿಳಕೊಂಡದ್ದು ಬರೋಬರಿ ಐತೋ ಇಲ್ಲೋ, ಸ್ವಲ್ಪ ಕನ್ನಡದಾಗ ಹೇಳು."

ನನ್ನ ಮಾರಿ ನೋಡಿದ. ಕಾಗದ ಬಿಚ್ಚಿದ. ಒಂದೊಂದ ಸಾಲು ಹೇಳಿದ. ಸಾಹೇಬರು ಅಂದದ್ದ ಇತ್ತು. ಆದರ ಕಡೀ ಪುಟದಾಗ, ಐದನೇ ಕಲಮು: ಈ ಸರ್ಕ್ಯುಲರ್ ಮುಟ್ಟೂಕಿಂತ ಮೊದಲ ಯಾವುದಾದರೂ ಆಫೀಸಿನವರು ಊರವರಿಗೆ ಮಾಲು ಮಾಡಾಕ ಹೇಳಿದ್ದರ, ಹೇಳಿದ ನೌಕರನ ಸಹಿ ಹೇಳಿಕಿ ಹಚ್ಚಿ ಸೆಪ್ಟೆಂಬರ್ ಹದಿನೈದರ ಒಳಗ ತಿಳಿಸಬೇಕು. ಆ ಮಾಲು ಈ ಒಂದು ವರ್ಷಕ್ಕ ತಗೋಬಹುದು.

ಜೂನ್ ಒಂಬತ್ತರಿಂದ ಇದು ನನ್ನ ಫೈಲಿನ್ಯಾಗ ಇತ್ತು. ನಾನ ದಾರಾ ಕಟ್ಟಿ ಇಟ್ಟಿದ್ದೆ.

ಎಲ್ಲಾ ಹೇಳಿದೆ. ಬೀರವ್ವಂದು, ಗಂಟು, "ತಾನ ತಂದಾಳ" ಅಂದದ್ದು. ಮಾರ್ತಾಂಡ ಕಾಗದ ಮಡಚಿ ನನ್ನ ಕೈಗೆ ಕೊಟ್ಟ.

"ಅಣ್ಣಾ, ಇಂಗ್ಲಿಷಿಂದು ನನಗ ಗೊತ್ತಿತ್ತು."

"ಯಾವಾಗಿಂದ?"

"ನೀ ಕನ್ನಡ ಓದೂವಾಗ ನಿನ್ನ ತುಟಿ ಅಲಗತಾವ. ಇಂಗ್ಲಿಷ್ ಕಾಗದ ಹಿಡದ್ರ ಅಲಗೂದಿಲ್ಲ. ಸಣ್ಣಾಂವ ಇದ್ದಾಗಿಂದ ನೋಡೇನಿ."

"ಮತ್ತ ಊರೆಲ್ಲಾ ಹೇಳಿಕೋತ ತಿರಗತೀ?"

"ನಿನಗ ಹಂಗ ಬೇಕಿತ್ತಲ್ಲ. ನನ್ನ ಫೀ ತುಂಬಿದವ ನೀನು." ಆಮ್ಯಾಲೆ, "ಅದು ಸಣ್ಣ ಸುಳ್ಳು ಅಣ್ಣಾ, ಯಾರಿಗೂ ಪೆಟ್ಟು ಹತ್ತಲಿಲ್ಲ. ಇದು ಆ ಹೆಣ್ಮಗಳಿಗೆ ಹತ್ತೇತಿ" ಅಂದ.

ನಾಳೆ ಸಾಹೇಬರಿಗೆ ಬರದು ಕೊಡಬೇಕು.

೧೩ ಸೆಪ್ಟೆಂಬರ್, ಬುಧವಾರ, ಸಂಜಿ ೫

ಆರು ದಿನ. ದಿನಾ 'ನಾಳೆ'. ಸಾಹೇಬರ ಬಾಗಲದ ತನಕ ಎರಡು ಸಲ ಹೋಗಿ ಗೋಂದು ಕೇಳಿ ಬಂದೆ. ಮನ್ಯಾಗ ಈಗ ಗೋಂದಿನ ಬಾಟ್ಲಿ ಎರಡಾದವು.

ಇವತ್ತು ರಜೆ ಹಾಕಿ ಬೀರವ್ವನ ಊರಿಗೆ ಹೋದೆ. ಮಗ್ಗದ ಕುಣಿ ನಾಲ್ಕೂ ಖಾಲಿ. ಈ ಸಲದ ಉಣ್ಣಿ ಎಲ್ಲಾ ನಮ್ಮ ಎಂಬತ್ತಕ್ಕ ಹೋಗೇತಿ. ಹೊಸಾ ಉಣ್ಣಿ ತರಬೇಕಂದ್ರ ಈ ಎಂಬತ್ತು ಮೊದಲ ಮಾರಿ ಹೋಗಬೇಕು. ಮೈದುನ ಕಳಕಪ್ಪ ನನ್ನ ನೋಡಿ ಎದ್ದು ಒಳಗ ಹೋದ. ಬೀರವ್ವ ಮಾತ್ರ, "ಬರ್ರಿ ರಾಯರ, ಕುಂಡ್ರಿ" ಅಂದಳು. ಅದ ಹಳೇ ದನಿ. ಅದಕ್ಕ ಕುಂಡ್ರಾಕ ಆಗಲಿಲ್ಲ.

ನಿಂತ ಹೇಳಿದೆ, ಎಲ್ಲಾ. ಕಡೀಗೆ: "ನನಗ ಇಂಗ್ಲಿಷ್ ಓದಾಕ ಬರೂದಿಲ್ಲ ಬೀರವ್ವ."

ಆಕಿಗೆ ಅದು ಮೊದಲ ತಿಳೀಲಿಲ್ಲ. "ಅಷ್ಟ ಏನ್ರಿ? ನನಗ ಯಾವುದೂ ಬರೂದಿಲ್ಲ" ಅಂದಳು. ಮತ್ತ, ಸಾವಕಾಶ, "ಅದನ್ನ ಹೇಳಾಕ ನಾಚಿಕಿ ಬಂದು ನನ್ನ ಸುಳ್ಳಿ ಮಾಡಿದ್ರಿ?"

"ಹೌದು."

"ನೀವಾಗಿ ಹೇಳತೀರಿ ಅಂತ ದಾರ ತೋರಿಸಲಿಲ್ರಿ ನಾನು. ಬಸ್ ಬರೂತನಾ ಕಾದೆ."

ದಾರ ಕೊಡು, ಹೇಳಿಕಿಗೆ ಹಚ್ಚತೀನಿ ಅಂದೆ. ತಲಿ ಅಲ್ಲಾಡಿಸಿದಳು.

"ದಾರ ಕೊಡೂದಿಲ್ಲ. ಇನ್ನೊಮ್ಮೆ ಗೊತ್ತಿಲ್ಲ ಅಂದ್ರ? ನಾನ ತರತೀನಿ. ನನ್ನ ಮುಂದ ಹೇಳ್ರಿ."

೧೪ ಸೆಪ್ಟೆಂಬರ್, ಗುರುವಾರ, ಮುಂಜಾನೆ ೧೦:೪೦

ಸ್ಟೋರಿನ್ಯಾಗ ಕುಂತೇನಿ. ನಾಳೆ ಕಡೀ ದಿನ. ಇವತ್ತಿನ ಟಪ್ಪಾಲಿಗೆ ಹೋಗಬೇಕು.

ಹೇಳಿಕಿ ಬರದಾತು. ಒಂದ ಪುಟ, ಕನ್ನಡದಾಗ. 'ಸರ್ಕ್ಯುಲರ್ ಬರುವ ಮೊದಲು, ಮೇ ೨೨ರಂದು ಎಂಬತ್ತು ಕಂಬಳಿ ತರಲು ನಾನೇ ಹೇಳಿದ್ದೆ. ಆಗಸ್ಟ್ ೧೬ರಂದು ಸಾಹೇಬರ ಮುಂದೆ ನಾನು ಸುಳ್ಳು ಹೇಳಿದೆ. ಆ ಹೆಣ್ಣುಮಗಳ ತಪ್ಪು ಏನೂ ಇಲ್ಲ.' ಯಾಕ ಸುಳ್ಳು ಹೇಳಿದೆ ಅನ್ನೋದಕ್ಕ ಒಂದು ಸಾಲಿನ ಜಾಗ ಬಿಟ್ಟೇನಿ. ಅದನ್ನ ಬಾಯಿಲೆ ಹೇಳಿ, ಆಮ್ಯಾಲೆ ಬರೀತೀನಿ. ಮೊದಲ ಬರದ್ರ ಕಾಗದ ಕೊಟ್ಟು ಸುಮ್ಮನ ನಿಂತುಬಿಡತೀನಿ. ನನ್ನ ನನಗ ಗೊತ್ತು.

ಬೀರವ್ವ ಬೇವಿನ ಗಿಡದ ಕೆಳಗ ಕುಂತಾಳ. ನಿಜಾಮುದ್ದೀನ ಆಕಿಗೆ ಚಾ ತಂದು ಕೊಟ್ಟ. ನನಗ ಕೊಡಲಿಲ್ಲ. ಬರೋಬರಿ.

ತಗೋತಾರೋ ಇಲ್ಲೋ, ಮೇಲಿನವರಿಗೆ ಬಿಟ್ಟದ್ದು. ನನಗೇನಾಗತೈತಿ, ಅದೂ ಅವರಿಗೆ ಬಿಟ್ಟದ್ದು.

ಜೀಪು ಬಂತು. ಸಾಹೇಬರು ಇಳಿದರು. ಬೀರವ್ವ ಎದ್ದಳು. ದಾರ ಮುಷ್ಟಿಯಾಗ ಇಲ್ಲ ಇವತ್ತು, ಬೆರಳಿಗೆ ಸುತ್ತಿಕೊಂಡಾಳ, ಎಂಟೂ ಗಂಟು ಇಲ್ಲಿತನಾ ಕಾಣತಾವ. ನನ್ನ ಕಡೆ ನೋಡಾಕತ್ತಾಳ.

"ದತ್ತಾತ್ರಿಯವರೇ, ಈಯಮ್ಮ ಮತ್ತೆ ಯಾಕೆ—" ಅನ್ನಾಕತ್ತಾರ ಸಾಹೇಬರು; ಪೆನ್ನು ಇಟ್ಟು, ಹೇಳಿಕಿ ತಗೊಂಡು ಏಳತೀನಿ.