ಪಾಲಕ್ ಕುಂಡಗಳ ಕೆಳಗಿನ ಕುರ್ಚಿ

ಮಾರ್ಚ್ ೧೨, ಮಂಗಳವಾರ

ಬಾಲ್ಕನಿಯ ಗೋಡೆಯಲ್ಲಿ ಸಾಲಾಗಿ ಕುಂಡಗಳನ್ನು ನೇತುಹಾಕಿದ್ದ ಕಬ್ಬಿಣದ ಚೌಕಟ್ಟು ಬೆಳಿಗ್ಗೆ ಮೊಳೆ ಸಮೇತ ಕಿತ್ತು ಬಿತ್ತು. ಬಿದ್ದದ್ದು ಅತ್ತೆಯ ಕುರ್ಚಿಯ ಮೇಲೆ. ದಿನಾ ಆ ಹೊತ್ತಿಗೆ ಅವರು ಅಲ್ಲೇ ಕೂತು ಪೇಪರ್ ಓದುತ್ತಾರೆ.

ಇವತ್ತು ಕೂತಿರಲಿಲ್ಲ. ಕಾರಣ ನಾನು. "ಇನ್ನೂ ಎಳೇ ಎಲೆ ಅತ್ತೆ, ಕೂತಲ್ಲೇ ಚಿವುಟ್ತಾ ಇದ್ರೆ ಪಾಲಕ್ ಬೆಳೆಯೋದು ಯಾವಾಗ?" ಎಂದು ರೇಗಿದ್ದೆ. ಅವರು ಮುಖ ಊದಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಅದೇ ಸಿಟ್ಟಿನಲ್ಲಿ ಪೈಪು ಹಿಡಿದು ಎಲ್ಲ ಕುಂಡಕ್ಕೂ ತುಳುಕುವಷ್ಟು ನೀರು ಬಿಟ್ಟೆ. ಬೆನ್ನು ತಿರುಗಿಸಿದ್ದೆ, ಅಷ್ಟೇ.

ಚೌಕಟ್ಟು ಕೂರಿಸಿದ ದಿನ ನಮ್ಮವರು "ಇನ್ನೆರಡು ಮೊಳೆ ಹೊಡೀಲಾ?" ಎಂದು ಕೇಳಿದ್ದರು. ನಾನೇ ಜಗ್ಗಿ ನೋಡಿ, ಗಟ್ಟಿಯಾಗಿದೆ, ಸುಮ್ಮನೆ ಗೋಡೆ ಹಾಳು, ಸಾಕು ಎಂದೆ. ಆಗ ಕುಂಡಗಳು ಖಾಲಿ ಇದ್ದವು. ಒದ್ದೆ ಮಣ್ಣು ಇಷ್ಟು ಭಾರ ಅಂತ ಹೊಳೆಯಲೇ ಇಲ್ಲ.

ಕುರ್ಚಿಯ ಬೆನ್ನು ಎರಡು ಹೋಳಾಗಿದೆ, ಸರಿಯಾಗಿ ಅವರು ತಲೆ ಆನಿಸುವ ಕಡೆ. ಕಣ್ಣು ಮುಚ್ಚಿದರೂ ಅದೇ ಕಾಣುತ್ತದೆ.

ಸದ್ದಿಗೆ ಹೊರಬಂದ ಅತ್ತೆ ಮುರಿದ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಚೆಲ್ಲಿದ ಮಣ್ಣಿನೊಳಗಿಂದ ಮುರಿದ ಗಿಡಗಳನ್ನು ಆಯತೊಡಗಿದರು. "ಎಳೇದು ಎಳೇದು ಅಂತಿದ್ಯಲ್ಲ, ಬಾಡೋದ್ರೊಳಗೆ ಬೇಯ್ಸು" ಎಂದರು.

ಬೇಯಿಸಿದೆ. ಎಲ್ಲರೂ ತಿಂದರು, ಅತ್ತೆ ಇನ್ನೊಂದು ಸಲ ಹಾಕಿಸಿಕೊಂಡರು. ನಾನು ಮಾತ್ರ ಬಡಿಸಿಕೊಳ್ಳದೆ ಪಾತ್ರೆ ತೊಳೆಯಲು ಎದ್ದೆ. ಬೆಳಿಗ್ಗೆ ನಾನು ಅವರ ಹತ್ತಿರ ಒಂದು ಒಳ್ಳೇ ಮಾತು ಆಡಿದ್ದಿದ್ದರೆ, ಅವರು ಅಲ್ಲೇ ಕೂತಿರುತ್ತಿದ್ದರು.