ಕಿಟಕಿ ಮುಚ್ಚಿದ ಬೀದಿ

ಮಾರ್ಚ್ 3, ಬೆಳಿಗ್ಗೆ
ಪೇಪರ್ ಓದಿ ಮಡಿಸಿಟ್ಟೆ. ಬಂಧನ ಹೆಚ್ಚಿದೆ, ನಗರ ಸುರಕ್ಷಿತವಂತೆ. ಯಾರಿಗೆ? ನಮ್ಮ ಬೀದಿಯಲ್ಲಿ ಮನೆಗೊಬ್ಬ ಒಳಗೆ. ಕ್ಷೌರದವನ ಹೆಂಡತಿ ಶುಗರ್ ಏರಿ ಸತ್ತಳು — ಆಸ್ಪತ್ರೆಗೆ ಒಯ್ಯಬೇಕಾದ ಮಗ ಜೈಲಿನಲ್ಲಿದ್ದ. ಟೈಲರ್ ಎದೆ ಹಿಡಿದು ಬಿದ್ದಾಗ ಎತ್ತಲು ಗಂಡಾಳೇ ಇರಲಿಲ್ಲ. ಈ ಸಾವುಗಳು ಯಾವ ಪೇಪರಿನಲ್ಲೂ ಬರಲಿಲ್ಲ.

ಮಾರ್ಚ್ 4
ಪಕ್ಕದ ಮನೆ ತಂಗಿಯದು. ಅವಳ ಮಗ ಜೈಲಿನಿಂದ ಬಂದ. ಜಾಮೀನು. ಎರಡು ವರ್ಷ, ವಿಚಾರಣೆಯೇ ಇಲ್ಲದೆ. ಕಡ್ಡಿಯಾಗಿದ್ದಾನೆ.
“ಊಟ ಹಾಕ್ತಿರಲಿಲ್ವೇನೋ?”
“ಹಾಕ್ತಿದ್ರು ಮಾವ. ಮಲಗೋಕೇ ಪಾಳಿ. ಅರ್ಧ ಜನ ಮಲಗಿದ್ರೆ ಉಳಿದೋರು ನಿಂತ್ಕೊಂಡು ಅವರ ಗೊರಕೆ ಕೇಳ್ಬೇಕು.”
ನಕ್ಕ. ನಗು ಕೆಮ್ಮಾಯಿತು, ನಿಲ್ಲಲೇ ಇಲ್ಲ.
ತಂಗಿ ಕಿಟಕಿಗಳನ್ನೆಲ್ಲ ಮುಚ್ಚಿದಳು. ಈ ಬೀದಿಯ ಪದ್ಧತಿ — ಜೈಲಿನಿಂದ ಬಂದವನು ಬೀಟ್ ಪೊಲೀಸನ ಕಣ್ಣಿಗೆ ಬೀಳಬಾರದು. ಒಂದೇ ಕೋಣೆ. ಅವನು ಒಳಗಿದ್ದಾಗ ಹುಟ್ಟಿದ ಮಗು, ಅಪ್ಪನ ಎದೆ ಬಿಟ್ಟು ಇಳಿಯುತ್ತಿಲ್ಲ.

ಮಾರ್ಚ್ 19
ಅವನ ಕಫದಲ್ಲಿ ರಕ್ತ. ಕ್ಷಯ — ನಮ್ಮಜ್ಜಿ ಹೋದದ್ದೂ ಹೀಗೇ. ಕಿಟಕಿ ತೆಗಿ, ಆಸ್ಪತ್ರೆಗೆ ಕಳಿಸು ಎಂದೆ ತಂಗಿಗೆ.
“ಗೇಟಲ್ಲೇ ಪೊಲೀಸ್ ಚೌಕಿ ಇದೆ ಅಣ್ಣ. ನೀನು ಓದೋ ಪುಸ್ತಕದಲ್ಲಿ ಅದು ಬರೆದಿಲ್ವಾ?”
“ಜಾಮೀನಿದೆಯಲ್ಲೇ, ಯಾರು ಮುಟ್ತಾರೆ? ಮಗು ಮುಖ ನೋಡು.”
ಅರೆಮನಸ್ಸಿನಿಂದ ಒಪ್ಪಿದಳು.

ಮಾರ್ಚ್ 20, ಮಧ್ಯಾಹ್ನ
ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಂತಿದ್ದೆ. ತಿರುಗಿದರೆ ಅವನಿಲ್ಲ, ಚೌಕಿಯವರು ಎಳೆದೊಯ್ದಿದ್ದರು. ಬೇರೆ ಯಾವುದೋ ಕೇಸಂತೆ! ಜಾಮೀನಿನ ಕಾಗದ ಹಿಡಿದು ಕೂಗಾಡಿದೆ.
“ಯಜಮಾನ್ರೇ, ಕೆಮ್ಮಿಗೆ ಅಲ್ಲೂ ಡಾಕ್ಟರ್ ಇದಾರೆ,” ಎಂದ ಪೇದೆ.
ವ್ಯಾನ್ ತುಂಬ ಹುಡುಗರು, ಮೈಗೆ ಮೈ ಒತ್ತಿ. ಗಾಜು ಏರಿಸಿದ್ದರು. ಅವನು ಕೆಮ್ಮುತ್ತಲೇ ಇದ್ದ.

ಏಪ್ರಿಲ್ 2
ಈಗ ಬೀದಿಯಲ್ಲಿ ಯಾರೂ ಆಸ್ಪತ್ರೆಯತ್ತ ತಲೆ ಹಾಕುತ್ತಿಲ್ಲ. ಹಾಲಿನವಳೂ ಕೆಮ್ಮುತ್ತಾಳೆ. ತೋರಿಸಿಕೋ ಎಂದರೆ, “ನಿಮ್ಮ ಜೊತೆ ಹೋದೋನು ಎಲ್ಲಿದಾನೆ ಸಾರ್?”

ಏಪ್ರಿಲ್ 11, ಸಂಜೆ
ಅವನ ಮಗುವಿಗೆ ವಾರದಿಂದ ಜ್ವರ ಬಿಟ್ಟಿಲ್ಲ. ಕತ್ತು ಬಿಗಿದಿದೆ, ಕರೆದರೆ ಕಣ್ಣು ಬಿಡುತ್ತಿಲ್ಲ ಎಂದಳು ಅದರ ತಾಯಿ, ತಂಗಿಯ ಸೊಸೆ, ಬಾಗಿಲ ಸಂದಿಯಿಂದ. ಓದಿದ್ದೇನೆ… ಕ್ಷಯ ಮಿದುಳಿಗೇರಿರಬೇಕು. ಆಟೋ ತಂದು ನಿಲ್ಲಿಸಿದೆ. ತಂಗಿ ಚಿಲಕ ಹಾಕಿಕೊಂಡಳು.
“ಹುಚ್ಚೀ, ಕೂಸನ್ನ ಯಾರು ಹಿಡೀತಾರೆ?”
“ಒಬ್ಬನ್ನ ನಿನ್ನ ಮಾತು ಕೇಳಿ ಕಳಕೊಂಡೆ. ಹೋಗಣ್ಣ.”
ಬಡಿದೂ ಬಡಿದೂ ಕೈ ಊದಿದೆ. ಆಟೋದವನನ್ನು ಕಾಯಲು ಹೇಳಿ ಒಳಗೆ ಬಂದು ಕೂತಿದ್ದೇನೆ. ಗೋಡೆಯಾಚೆ ಮಗುವಿನ ಸಣ್ಣ ನರಳಿಕೆ.
ನಿಂತಿತು.
ಚಿಲಕದ ಸದ್ದು. ತಂಗಿ ಕೂಗುತ್ತಿದ್ದಾಳೆ — “ಅಣ್ಣಾ, ಆಟೋ ಇದೆಯಾ, ಅಣ್ಣಾ”