ಖಾಲಿ ಎಂದು ತೋರಿಸಿದ ಮನೆ

ಬಾಡಿಗೆ ಮನೆಯಿಂದ
ಮಾರ್ಚ್ ೧೪, ಗುರುವಾರ ಬೆಳಗ್ಗೆ

ನನ್ನವರಿಗೆ,

ನಿಮ್ಮ ಸೊಂಟನೋವು ಈಗ ಹೇಗಿದೆ? ಹಡಗು ಅಲುಗಾಡುವಾಗ ಅಡುಗೆಮನೆಯ ದೊಡ್ಡ ಪಾತ್ರೆಗಳನ್ನು ಒಬ್ಬರೇ ಎತ್ತಬೇಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಮಗಳು ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ, ಅಪ್ಪನಿಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಎಂದೇ ಬರೆಯಬೇಕಿತ್ತು, ಆದರೆ ಮೂರು ದಿನದಿಂದ ಹಾಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಹಿಂದೆ ಇಡೀ ಹಡಗಿನ ಗದ್ದಲ. ಅರ್ಧ ಕೇಳಿಸಿಕೊಂಡು "ನಿನಗೆ ಸರಿ ಕಂಡದ್ದು ಮಾಡು" ಎಂದುಬಿಡುತ್ತೀರಿ. ಸರಿ ಯಾವುದೆಂದು ಗೊತ್ತಿದ್ದರೆ ನಿಮ್ಮನ್ನೇಕೆ ಕೇಳುತ್ತಿದ್ದೆ?

ಈ ಮನೆಯ ಯಜಮಾನರು ತಿಂಗಳ ಕೊನೆಗೆ ಜಾಗ ಬಿಡಲೇಬೇಕು ಎಂದಿದ್ದಾರೆ. ಏಳು ವರ್ಷದಲ್ಲಿ ಐದನೇ ಸಲ ಗಂಟುಮೂಟೆ ಕಟ್ಟುವುದು ಬೇಡವೆಂದು ತಾನೇ ನಾವು ಬ್ಯಾಂಕು ಜಪ್ತಿ ಮಾಡಿದ ಮನೆಗೆ ಆಸೆಪಟ್ಟದ್ದು. ನೀವು ಹೆಸರಿಟ್ಟ ಆ ಬೆಣ್ಣೆಮಾತಿನ ಏಜೆಂಟ್ ಅದನ್ನು ನನಗೆ ತೋರಿಸಿದ್ದು ರಸ್ತೆಯ ಆಚೆ ಬದಿಯಿಂದ, ಕಾರಿನಿಂದ ಇಳಿಯದೆಯೇ. "ಒಳಗೆ ನೋಡೋ ಹಾಗಿಲ್ಲ ಅಕ್ಕಾ. ಜಪ್ತಿ ಮನೆ ಅಂದ್ರೆ ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ. ಎರಡು ವರ್ಷದಿಂದ ಖಾಲಿ ಬಿದ್ದಿದೆ, ಗುಡಿಸಿಕೊಂಡು ಒಳಗೆ ಹೋದ್ರಾಯ್ತು" ಎಂದ. ನಾಲ್ಕು ಬದನೆಕಾಯಿ ಕೊಳ್ಳುವಾಗಲೂ ತಿರುಗಿಸಿ ತಿರುಗಿಸಿ ನೋಡುವವಳು ನಾನು. ಮನೆಯೊಂದನ್ನು ಕಾರಿನ ಕಿಟಕಿಯಿಂದ ನೋಡಿ ಮುಂಗಡ ಕಟ್ಟಿಬಂದೆ. ಸಹಿ ನಾಳೆ. ತಪ್ಪಿದರೆ ಮುಂಗಡ ಬ್ಯಾಂಕಿನ ಪಾಲು, ಎಂದರೆ ನಿಮ್ಮ ಒಂದು ಇಡೀ ವರ್ಷದ ದುಡಿಮೆ.

ಸೋಮವಾರ ಕೆಲಸ ಮುಗಿಸಿ ಬರುವಾಗ ಒಬ್ಬಳೇ ಆ ಕಡೆ ಹೋದೆ. ಗೋಡೆಗೆ ಯಾವ ಬಣ್ಣ, ಮಗಳ ಮೇಜು ಯಾವ ಕಿಟಕಿಯ ಕೆಳಗೆ ಎಂದೆಲ್ಲ ಲೆಕ್ಕ ಹಾಕುತ್ತ ಗೇಟಿನ ಹತ್ತಿರ ನಿಂತೆ. ಅದು ನನ್ನ ಏರಿಯಾ ಅಲ್ಲ. ಆದರೂ ಹನ್ನೊಂದು ವರ್ಷ ಮನೆಮನೆಯ ಕರೆಂಟಿನ ಮೀಟರು ಓದಿದ ಕಣ್ಣಲ್ಲವೇ, ತಾನಾಗಿ ಗೋಡೆಯ ಪೆಟ್ಟಿಗೆಯ ಕಡೆ ಹೋಯಿತು. ಮೀಟರಿನ ಕೆಂಪು ದೀಪ ಮಿಣುಕುತ್ತಿತ್ತು, ಎಂದರೆ ಒಳಗೆ ಯಾರೋ ಕರೆಂಟು ಬಳಸುತ್ತಿದ್ದಾರೆ. ಜೋರಾಗಿ ಅಲ್ಲ, ಒಂದು ಫ್ಯಾನು, ಒಂದು ಬಲ್ಬು ಉರಿಯುವಷ್ಟು. ಖಾಲಿ ಮನೆ ಕರೆಂಟು ತಿನ್ನುವುದಿಲ್ಲ, ಇದು ನಿಮಗೂ ಗೊತ್ತು. ತಲೆ ಎತ್ತಿದರೆ ಮೇಲಿನ ಕಿಟಕಿಯ ಪರದೆಯನ್ನು ಎರಡು ಬೆರಳು ಸರಿಸಿ ಹಿಡಿದಿದ್ದವು. ಯಾರೋ ನನ್ನನ್ನೇ ನೋಡುತ್ತಿದ್ದರು. ನಡೆದೆನೋ ಓಡಿದೆನೋ ಗೊತ್ತಿಲ್ಲ, ಬಸ್ಸು ಹತ್ತಿದ ಮೇಲೇ ತಿರುಗಿ ನೋಡಿದೆ. ಅಂದಿನಿಂದ ನಮ್ಮ ಬಾಗಿಲನ್ನು ಯಾರು ತಟ್ಟಿದರೂ ಕಿಟಕಿಯಿಂದ ಇಣುಕಿ ನೋಡಿಯೇ ತೆಗೆಯುತ್ತೇನೆ. ಇನ್ನೊಬ್ಬರ ಮನೆಗೆ ಕಣ್ಣು ಹಾಕಿದವಳು ನಾನು, ಹೆದರಿ ಚಿಲಕ ಹಾಕಿಕೊಳ್ಳುವವಳೂ ನಾನೇ.

ಮಂಗಳವಾರ ಏಜೆಂಟಿನ ಆಫೀಸಿಗೆ ಹೋಗಿ ಕೇಳಿದೆ. ಅವನು ಬೆಚ್ಚಲೂ ಇಲ್ಲ. ಹಳೆಯ ಯಜಮಾನನ ಮನೆಯವರೇ ಅಲ್ಲಿದ್ದಾರಂತೆ. ಬ್ಯಾಂಕಿನ ಹತ್ತಿರ ಇರುವುದು ಕಾಗದ ಮಾತ್ರ, ಕೀಲಿಯಲ್ಲ. ಅವರನ್ನು ಎಬ್ಬಿಸುವುದು ಕೊಂಡವರ ತಲೆನೋವು, ಕೋರ್ಟಿಗೆ ಹೋದರೆ ವರ್ಷಗಟ್ಟಲೆ. ಇದನ್ನೆಲ್ಲ ಮೊದಲೇ ಏಕೆ ಹೇಳಲಿಲ್ಲ ಎಂದರೆ, "ನೀವು ಕೇಳಲಿಲ್ವಲ್ಲ ಅಕ್ಕಾ" ಎಂದು ನಕ್ಕ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. "ನೀವು ಕರೆಂಟ್ ಆಫೀಸಿನವರು. ನಾಲ್ಕು ದಿನ ಕತ್ತಲಲ್ಲಿ ಕೂತ್ರೆ ಅವರೇ ಎದ್ದು ಹೋಗ್ತಾರೆ. ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ." ನಾನು ಎದ್ದು ನೇರ ಮನೆಗೆ ಬಂದೆ.

ನಾಳೆ ಸಹಿ ಹಾಕಿದರೆ ಯಾರದೋ ಸಂಸಾರವನ್ನು ಬೀದಿಗೆ ಇಳಿಸಬೇಕು, ಹಾಕದಿದ್ದರೆ ನಮ್ಮದು ಇಳಿಯುತ್ತದೆ. ಈ ಪತ್ರ ನಿಮ್ಮ ಕೈಸೇರುವ ಹೊತ್ತಿಗೆ ಯಾವುದೋ ಒಂದು ಆಗಿಹೋಗಿರುತ್ತದೆ, ಆದರೂ ನಿಮಗೆ ಬರೆದರೆ ಜೀವ ಸ್ವಲ್ಪ ಹಗುರ. ಚಳಿಯಲ್ಲಿ ಡೆಕ್ಕಿನ ಮೇಲೆ ನಿಲ್ಲಬೇಡಿ. ನಿಮ್ಮ ಜೊತೆ ಪಾತ್ರೆ ತೊಳೆಯುವ ತಾತನನ್ನು ಕೇಳಿದೆನೆಂದು ಹೇಳಿ. ಮಗಳು ಒಂದು ಮುತ್ತು ಕಳಿಸಿದ್ದಾಳೆ, ಹಲ್ಲಿಲ್ಲದ ಬಾಯಿಯದು.

ನಿಮ್ಮ ಮನೆಯವಳು

ಮತ್ತೆ, ಮಧ್ಯಾಹ್ನ ಮೂರು ಗಂಟೆ: ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮಂಗಳವಾರ ನಾನು ನೇರ ಮನೆಗೆ ಬರಲಿಲ್ಲ. ಆ ಮನೆಗೆ ಹೋಗಿ, ಪೆಟ್ಟಿಗೆ ತೆಗೆದು, ಫ್ಯೂಸು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಒಂದು ನಿಮಿಷವೂ ಹಿಡಿಯಲಿಲ್ಲ. ಇವತ್ತು ಎದ್ದು ಹೋಗಿದ್ದಾರೋ ಎಂದು ನೋಡಲು ಹೋದೆ. ಯೂನಿಫಾರ್ಮ್ ಕಂಡದ್ದೇ ಒಬ್ಬ ಹೆಂಗಸು ಓಡಿಬಂದು ಗೇಟು ತೆಗೆದಳು. "ಸದ್ಯ, ಬಂದ್ರಲ್ಲ. ಕಂಪ್ಲೇಂಟ್ ಕೊಟ್ಟು ಎರಡು ದಿನ ಆಯ್ತು. ನಮ್ಮ ಮಾವನಿಗೆ ಕಣ್ಣು ಮಂಜು, ದೀಪ ಇಲ್ದೆ ನಿನ್ನೆ ಮೆಟ್ಟಿಲ ಮೇಲೆ ಬಿದ್ದುಬಿಟ್ರು" ಎಂದಳು. ಮುದುಕರು ಹಣೆಗೆ ಬಟ್ಟೆ ಕಟ್ಟಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ನನ್ನ ಚೀಲದಲ್ಲಿದ್ದ ಅವರ ಫ್ಯೂಸನ್ನೇ ತೆಗೆದು ಹಾಕಿದೆ. ಅಷ್ಟು ಹೊತ್ತೂ, ಪೆಟ್ಟಿಗೆಯೊಳಗೆ ಕತ್ತಲೆಂದು, ಅವಳು ನನಗೆ ಟಾರ್ಚು ಹಿಡಿದು ನಿಂತಿದ್ದಳು. ನೀರು ಕೊಟ್ಟಳು, ಕುಡಿದೆ. ಹೊರಡುವಾಗ ಹೆಸರು ಕೇಳಿದಳು. ಸುಳ್ಳು ಹೆಸರೊಂದು ಬಾಯಿಗೆ ಬರಲಿಲ್ಲ, ನನ್ನದೇ ಹೇಳಿಬಿಟ್ಟೆ. ಮತ್ತೆ ಕರೆಂಟು ಹೋದರೆ ನನ್ನನ್ನೇ ಕರೆಸುತ್ತಾಳಂತೆ, ಬಾಗಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡಳು. ನಾಳೆ ಸಹಿ ಹಾಕಿದರೆ ಬ್ಯಾಂಕಿನಿಂದ ಅವರಿಗೆ ಹೋಗುವ ಕಾಗದದಲ್ಲಿ ಇರುವುದೂ ಅದೇ ಹೆಸರು. ನಾನು ಸಹಿಗೆ ಹೋಗುವುದಿಲ್ಲ ರೀ. ನಿಮ್ಮ ಒಂದು ವರ್ಷ ಹೋಯಿತು. ಬಂದ ಮೇಲೆ ಎಷ್ಟು ಬೇಕಾದರೂ ಬೈಯಿರಿ, ಆದರೆ ಬೇಗ ಬನ್ನಿ, ನನಗೆ ತುಂಬ ಹೆದರಿಕೆಯಾಗುತ್ತಿದೆ.